ಕೀಲಿಮಣೆಯ ಮೇಲೆ ಕಾಣದ ಅಕ್ಷರ

ಕಾಯಕವನ್ನು ನಂಬಿದ ನಾಡಿನಲ್ಲಿ ಕೈಗೂ ಉಪಕರಣಕ್ಕೂ ಇರುವ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ. ನೇಕಾರನಿಗೆ ಲಾಳಿ, ಕಮ್ಮಾರನಿಗೆ ಇಕ್ಕಳ, ಬಡಿಗನಿಗೆ ಉಳಿ ಹೇಗೋ ಬರೆಯುವವನಿಗೆ ಲೇಖನಿ ಹಾಗೆ. ಉಪಕರಣವು ಇರಬೇಕಾದೆಡೆಯಲ್ಲಿದ್ದರೆ ಕೈ ಅದನ್ನು ಮರೆತು ಕೆಲಸದಲ್ಲಿ ಮುಳುಗುತ್ತದೆ. ಇಲ್ಲವಾದರೆ ಮನಸ್ಸು ಕೆಲಸವನ್ನು ಬಿಟ್ಟು ಉಪಕರಣವನ್ನು ಹುಡುಕತೊಡಗುತ್ತದೆ. ಮಗ್ಗದ ಮುಂದೆ ಕುಳಿತವನು ಪ್ರತಿ ಎಳೆಗೂ ಲಾಳಿ ಎಲ್ಲಿದೆಯೆಂದು ತಡಕಾಡುವಂತಾದರೆ ಸಂಜೆಯ ವೇಳೆಗೆ ಗೇಣು ಬಟ್ಟೆಯೂ ಸಿದ್ಧವಾಗಲಾರದು.

ಇಂದು ಲೇಖನಿಯ ಸ್ಥಾನವನ್ನು ಬಹುಮಟ್ಟಿಗೆ ಕೀಲಿಮಣೆ ಆಕ್ರಮಿಸಿಕೊಂಡಿದೆ. ಪಾಟಿ-ಬಳಪದಿಂದ ಅಕ್ಷರಾಭ್ಯಾಸವನ್ನು ಆರಂಭಿಸಿದ ಮಗು ಓದು ಮುಂದುವರಿದಂತೆ ಲ್ಯಾಪ್‌ಟಾಪಿನ ಮುಂದೆ ಬಂದು ಕೂರಲೇಬೇಕಾಗುತ್ತದೆ. ಅರ್ಜಿ, ಪ್ರಬಂಧ, ಲೆಕ್ಕಪತ್ರ, ವರದಿ ಎಲ್ಲವೂ ಅದರ ಮೂಲಕವೇ ಹೊರಬರಬೇಕಾಗಿದೆ. ಹೀಗಿರುವಾಗ ಕೀಲಿಮಣೆಯಲ್ಲಿ ಯಾವ ಕೀಲಿ ಇದೆ, ಯಾವುದು ಇಲ್ಲ, ಇರುವುದರ ಮೇಲೆ ಏನು ಬರೆದಿದೆ, ಬರೆದುದಕ್ಕೂ ಅದು ಮಾಡುವುದಕ್ಕೂ ಹೊಂದಾಣಿಕೆ ಇದೆಯೇ ಎಂಬ ಪ್ರಶ್ನೆಗಳನ್ನು ಅಂಗಡಿಯವನಿಗೂ ಯಂತ್ರತಜ್ಞನಿಗೂ ಬಿಟ್ಟು ಸುಮ್ಮನಿರಲಾಗದು. ಅವು ಶಿಕ್ಷಣಕ್ಕೆ ಸೇರಿದ ಪ್ರಶ್ನೆಗಳು.

ಈ ದೃಷ್ಟಿಯಿಂದ ನೋಡಿದಾಗ ಇಂದಿನ ಲ್ಯಾಪ್‌ಟಾಪುಗಳ ಕೀಲಿಮಣೆಯಲ್ಲಿ ಮೂರು ಬಗೆಯ ಕೊರತೆಗಳು ಕಾಣುತ್ತವೆ. ಮೊದಲನೆಯದು, ಬೇಕಾದ ಕೀಲಿಯೇ ಇಲ್ಲದಿರುವುದು. ಎರಡನೆಯದು, ಕೀಲಿ ಇದ್ದರೂ ಅದು ಬೆರಳನ್ನು ದಾರಿ ತಪ್ಪಿಸುವುದು. ಮೂರನೆಯದು, ಕೀಲಿಯೂ ಇದ್ದು ಕೆಲಸವನ್ನೂ ಮಾಡಬಲ್ಲದಾಗಿದ್ದು, ಅದರ ಮೇಲೆ ಹೆಸರು ಮಾತ್ರ ಇಲ್ಲದಿರುವುದು. ಕನ್ನಡವು ಸಿಕ್ಕಿಕೊಂಡಿರುವುದು ಈ ಮೂರನೆಯ ಕೊರತೆಯಲ್ಲಿ. ಮೂರರಲ್ಲಿ ಕನ್ನಡದ ಮಕ್ಕಳಿಗೆ ಹೆಚ್ಚು ಹಾನಿ ಮಾಡುತ್ತಿರುವುದು ಇದೇ. ಎಲ್ಲಕ್ಕಿಂತ ಸುಲಭವಾಗಿ ನೀಗಿಸಬಹುದಾದುದೂ ಇದೇ.

ಕೀಲಿಯ ಅಭಾವ ಹೊಸದೇನೂ ಅಲ್ಲ. ಅಮೆರಿಕದ ಮಿಲ್ವಾಕೀ ನಗರದ ಕ್ರಿಸ್ಟೋಫರ್ ಲೇಥಮ್ ಶೋಲ್ಸ್ ಎಂಬಾತನು ತನ್ನ ಸಂಗಡಿಗರೊಡನೆ ೧೮೬೮ರಲ್ಲಿ ಬೆರಳಚ್ಚು ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದನು. ರೆಮಿಂಗ್ಟನ್ ಸಂಸ್ಥೆಯು ಅದನ್ನು ತಯಾರಿಸಿ ೧೮೭೪ರಲ್ಲಿ ಮಾರುಕಟ್ಟೆಗೆ ತಂದಿತು. ಆ ಯಂತ್ರದಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳು ಮಾತ್ರ ಇದ್ದವು. ಒಂದು ಮತ್ತು ಸೊನ್ನೆಗೆ ಕೀಲಿಗಳಿರಲಿಲ್ಲ. ‘ಐ’ ಅಕ್ಷರವನ್ನು ಒಂದೆಂದೂ ‘ಓ’ ಅಕ್ಷರವನ್ನು ಸೊನ್ನೆಯೆಂದೂ ಒತ್ತಿ ಕೆಲಸ ಸಾಗಿಸಬೇಕಾಗಿತ್ತು. ೧೮೭೮ರಲ್ಲಿ ಶಿಫ್ಟ್ ಕೀಲಿ ಬಂದು ಸಣ್ಣಕ್ಷರಗಳಿಗೂ ಎಡೆ ದೊರೆಯಿತು. ಆದರೂ ಮುಂದಿನ ಅನೇಕ ದಶಕಗಳವರೆಗೆ ಎಷ್ಟೋ ಯಂತ್ರಗಳಲ್ಲಿ ‘ಎಲ್’ ಎಂಬ ಸಣ್ಣಕ್ಷರವೇ ಒಂದರ ಪಾತ್ರವನ್ನು ವಹಿಸುತ್ತಿತ್ತು. ಆ ಕೊರತೆಗೆ ಒಂದು ಕಾರಣವಿತ್ತು. ಪ್ರತಿ ಕೀಲಿಗೂ ಒಂದು ಲೋಹದ ಕಡ್ಡಿ, ಅದರ ತುದಿಗೆ ಒಂದು ಅಚ್ಚು ಬೇಕಾಗಿತ್ತು. ಕೀಲಿ ಹೆಚ್ಚಿದಂತೆ ಯಂತ್ರದ ತೂಕ, ಬೆಲೆ, ತೊಡಕುಗಳೆಲ್ಲವೂ ಹೆಚ್ಚುತ್ತಿದ್ದವು.

ಗಣಕಯಂತ್ರದ ಕಾಲದಲ್ಲಿ ಈ ಕಾರಣ ಉಳಿಯಲಿಲ್ಲ. ಐ.ಬಿ.ಎಂ. ಸಂಸ್ಥೆಯು ೧೯೮೧ರಲ್ಲಿ ಹೊರತಂದ ವೈಯಕ್ತಿಕ ಗಣಕಕ್ಕೆ ೮೩ ಕೀಲಿಗಳಿದ್ದವು. ಎಡಗಡೆಯ ಶಿಫ್ಟ್ ಮತ್ತು ‘ಝಡ್’ ಕೀಲಿಗಳ ನಡುವೆ ಓರೆಗೆರೆಯ ಕೀಲಿಯೊಂದು ಬಂದು ಕುಳಿತಿದ್ದುದರಿಂದ ಬೆರಳಚ್ಚು ಕಲಿತವರ ಬೆರಳು ಅಲ್ಲಿ ಎಡವುತ್ತಿತ್ತು. ಬಳಕೆದಾರರ ಆಕ್ಷೇಪಣೆಗಳು ವ್ಯರ್ಥವಾಗಲಿಲ್ಲ. ೧೯೮೬ರ ವೇಳೆಗೆ ಅದೇ ಸಂಸ್ಥೆಯ ಗಣಕಗಳಿಗೆ ೧೦೧ ಕೀಲಿಗಳ ಮಣೆ ಬಂದಿತು. ಅಕ್ಷರಗಳಿಗೊಂದು ಅಂಗಳ, ಬಾಣದ ಕೀಲಿಗಳಿಗೊಂದು ಮೂಲೆ, ಬಲಗಡೆ ಅಂಕಿಗಳಿಗೇ ಮೀಸಲಾದ ಒಂದು ಗುಂಪು, ಮೇಲ್ಗಡೆ ಹನ್ನೆರಡು ಕಾರ್ಯಕೀಲಿಗಳ ಸಾಲು. ಮೇಜಿನ ಮೇಲಿನ ಗಣಕಗಳಲ್ಲಿ ಇಂದಿಗೂ ಕಾಣುವ ವಿನ್ಯಾಸ ಇದೇ. ಒಂದೂರಿನಲ್ಲಿ ಕಲಿತವನು ಇನ್ನೊಂದೂರಿಗೆ ಹೋದರೂ ಅವನ ಬೆರಳುಗಳಿಗೆ ಪರದೇಶಿತನ ಕಾಡಲಿಲ್ಲ.

ಲ್ಯಾಪ್‌ಟಾಪು ಬಂದ ಮೇಲೆ ಈ ಒಪ್ಪಂದ ಸಡಿಲಗೊಂಡಿತು. ಯಂತ್ರವು ಚಿಕ್ಕದಾಗಬೇಕು, ತೆಳ್ಳಗಾಗಬೇಕು, ಹಗುರವಾಗಬೇಕು ಎಂಬ ಪೈಪೋಟಿಯಲ್ಲಿ ಅಂಕಿಗಳ ಗುಂಪು ಅನೇಕ ಮಾದರಿಗಳಿಂದ ಮಾಯವಾಯಿತು. ಹೋಮ್, ಎಂಡ್, ಪೇಜ್ ಅಪ್, ಪೇಜ್ ಡೌನ್ ಎಂಬ ಕೀಲಿಗಳು ಬಾಣದ ಕೀಲಿಗಳ ಬೆನ್ನಮೇಲೆ ಏರಿದವು. ಅವನ್ನು ಕರೆಯಬೇಕಾದರೆ ‘ಎಫ್‌ಎನ್’ ಎಂಬ ಮತ್ತೊಂದು ಕೀಲಿಯನ್ನು ಒತ್ತಿ ಹಿಡಿಯಬೇಕು. ಮೇಲಿನ ಮತ್ತು ಕೆಳಗಿನ ಬಾಣಗಳು ಅರ್ಧರ್ಧ ಗಾತ್ರಕ್ಕೆ ಕುಗ್ಗಿ, ಒಂದನ್ನು ಒತ್ತಹೋದರೆ ಇನ್ನೊಂದು ಒತ್ತಿಹೋಗುವಂತಾಯಿತು. ಕೆಲವು ಮಾದರಿಗಳಲ್ಲಿ ಎಡ ಮೂಲೆಯಲ್ಲಿ ಕಂಟ್ರೋಲ್ ಕೀಲಿ ಇದ್ದರೆ, ಥಿಂಕ್‌ಪ್ಯಾಡ್ ಯಂತ್ರಗಳಲ್ಲಿ ಬಹುಕಾಲ ಆ ಮೂಲೆ ‘ಎಫ್‌ಎನ್’ ಕೀಲಿಗೆ ಮೀಸಲಾಗಿತ್ತು. ಕ್ರೋಮ್‌ಬುಕ್ಕುಗಳಲ್ಲಿ ಕ್ಯಾಪ್ಸ್ ಲಾಕ್ ಇರಬೇಕಾದ ಎಡೆಯಲ್ಲಿ ಶೋಧನೆಯ ಕೀಲಿಯನ್ನಿಟ್ಟರು. ಆಪಲ್ ಸಂಸ್ಥೆಯ ಲ್ಯಾಪ್‌ಟಾಪಿನಲ್ಲಿ ಡಿಲೀಟ್ ಎಂದು ಬರೆದ ಕೀಲಿಯು ಇತರ ಯಂತ್ರಗಳ ಬ್ಯಾಕ್‌ಸ್ಪೇಸಿನ ಕೆಲಸವನ್ನು ಮಾಡುತ್ತದೆ. ಗಣಕವನ್ನೇ ಆರಿಸಿಬಿಡುವ ವಿದ್ಯುತ್ ಕೀಲಿಯನ್ನು ಡಿಲೀಟ್ ಕೀಲಿಯ ಪಕ್ಕದಲ್ಲಿಯೇ ಇಟ್ಟ ಮಾದರಿಗಳೂ ಉಂಟು. ಅಕ್ಷರವೊಂದನ್ನು ಅಳಿಸಹೋದ ಬೆರಳು ತುಸು ಜಾರಿದರೆ ಪರದೆಯೇ ಕಪ್ಪಾಗುವ ಈ ಏರ್ಪಾಡು ಯಾವ ಬಳಕೆದಾರನ ಕೋರಿಕೆಯಿಂದ ಬಂದಿತೋ ತಿಳಿಯದು.

ಇದೆಲ್ಲವೂ ಸ್ಥಳಾಭಾವದಿಂದಲೇ ಆಯಿತೆಂದು ಹೇಳುವಂತಿಲ್ಲ. ೨೦೧೬ರಲ್ಲಿ ಆಪಲ್ ಸಂಸ್ಥೆಯು ತನ್ನ ಬೆಲೆಬಾಳುವ ಮ್ಯಾಕ್‌ಬುಕ್ ಪ್ರೊ ಯಂತ್ರಗಳ ಮೇಲ್ಸಾಲಿನ ಕಾರ್ಯಕೀಲಿಗಳನ್ನೂ ಎಸ್ಕೇಪ್ ಕೀಲಿಯನ್ನೂ ತೆಗೆದು, ಅಲ್ಲಿ ಸ್ಪರ್ಶಪಟ್ಟಿಯೊಂದನ್ನು ಕೂರಿಸಿತು. ಬೆರಳಿಗೆ ಉಬ್ಬುತಗ್ಗು ತಿಳಿಯದ ಆ ನುಣುಪಾದ ಪಟ್ಟಿಯ ಮೇಲೆ ಕೀಲಿಯನ್ನು ಕಣ್ಣಿನಿಂದ ಹುಡುಕಬೇಕಾಗುತ್ತಿತ್ತು. ಅನುದಿನವೂ ಎಸ್ಕೇಪ್ ಕೀಲಿಯನ್ನು ನೂರಾರು ಸಲ ಒತ್ತುವ ತಂತ್ರಾಂಶ ರಚನಕಾರರು ಇದನ್ನು ಬಲವಾಗಿ ಖಂಡಿಸಿದರು. ೨೦೧೯ರ ಕೊನೆಗೆ ಬಂದ ಹೊಸ ಮಾದರಿಯಲ್ಲಿ ಎಸ್ಕೇಪ್ ಕೀಲಿ ಹಿಂದಿರುಗಿತು. ೨೦೨೧ರ ಮಾದರಿಗಳಲ್ಲಿ ಮೇಲ್ಸಾಲು ಪೂರ್ತಿಯಾಗಿ ಮರಳಿತು. ಕೀಲಿಯನ್ನು ಕಳೆದುಕೊಂಡವರು ಬಾಯಿಬಿಟ್ಟು ಕೇಳಿದರೆ ಅದು ಮರಳಿ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಾಗಿಲ್ಲ. ೨೦೨೪ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಕೃತಕ ಬುದ್ಧಿಮತ್ತೆಯ ಸಹಾಯಕನನ್ನು ಕರೆಯುವ ‘ಕೋಪೈಲಟ್’ ಎಂಬ ಹೊಸ ಕೀಲಿಯನ್ನು ಪ್ರಕಟಿಸಿತು. ಅನೇಕ ಲ್ಯಾಪ್‌ಟಾಪುಗಳಲ್ಲಿ ಅದು ಬಲಗಡೆಯ ಕಂಟ್ರೋಲ್ ಕೀಲಿಯನ್ನೋ ಮೆನು ಕೀಲಿಯನ್ನೋ ಪಕ್ಕಕ್ಕೆ ಸರಿಸಿ ಬಂದಿತು. ಮಾರುವವನ ಆಸೆಗೆ ಮಣೆಯಲ್ಲಿ ಹೊಸ ಜಾಗ ದೊರೆಯಬಲ್ಲದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹಾಗಾದರೆ ಜಾಗವಿಲ್ಲವೆಂಬ ನೆಪ ಬಳಕೆದಾರನ ಅಗತ್ಯಕ್ಕೆ ಮಾತ್ರ ಏಕೆ ಅಡ್ಡಬರಬೇಕು?

ಕೀಲಿ ಕಳೆದಾಗ ಎಲ್ಲರಿಗೂ ಸಮನಾದ ನಷ್ಟವಾಗುವುದಿಲ್ಲ. ಅನುಭವಿಗಳು ಹೊರಗಿನಿಂದ ಮತ್ತೊಂದು ಕೀಲಿಮಣೆಯನ್ನು ತಂದು ಜೋಡಿಸಿಕೊಳ್ಳುತ್ತಾರೆ. ಹಣವಂತರು ಬೇರೆ ಯಂತ್ರವನ್ನೇ ಕೊಳ್ಳುತ್ತಾರೆ. ದಿನವಿಡೀ ಅಂಕಿಗಳನ್ನು ತುಂಬುವ ಸಹಕಾರ ಸಂಘದ ಗುಮಾಸ್ತನಿಗೆ ಅಂಕಿಗಳ ಗುಂಪು ಇಲ್ಲದ ಮಣೆ ಸಂಜೆಯ ಹೊತ್ತಿಗೆ ಬೆರಳುನೋವನ್ನು ತರುತ್ತದೆ. ಎಲ್ಲಕ್ಕಿಂತ ಹೆಚ್ಚಿನ ಕಷ್ಟ ಅಂಧರದು. ಪರದೆಯ ಮೇಲಿನ ಬರೆಹವನ್ನು ಓದಿ ಹೇಳುವ ತಂತ್ರಾಂಶಗಳು ಬಹುಕಾಲದಿಂದ ಇನ್ಸರ್ಟ್ ಕೀಲಿಯನ್ನೇ ತಮ್ಮ ಆಜ್ಞೆಯ ಕೀಲಿಯಾಗಿ ಮಾಡಿಕೊಂಡಿವೆ. ಲ್ಯಾಪ್‌ಟಾಪುಗಳಲ್ಲಿ ಇನ್ಸರ್ಟ್ ಮೂಲೆಗುಂಪಾದ ಕಾರಣ ಕ್ಯಾಪ್ಸ್ ಲಾಕ್ ಕೀಲಿಯನ್ನು ಅದರ ಬದಲಿಗೆ ಬಳಸುವ ಬೇರೊಂದು ಕ್ರಮವನ್ನು ಕಲ್ಪಿಸಬೇಕಾಯಿತು. ಇಲಿಯನ್ನು ಹಿಡಿದು ಪರದೆಯ ಮೇಲೆ ಗುರಿಯಿಡಲಾರದವರಿಗೆ ಮೆನು ಕೀಲಿಯೂ ಊರುಗೋಲು. ಕಣ್ಣುಳ್ಳವನಿಗೆ ಅನವಶ್ಯಕವೆಂದು ತೋರಿದ ಕೀಲಿ ಮತ್ತೊಬ್ಬನಿಗೆ ಕಣ್ಣೇ ಆಗಿರಬಹುದೆಂಬುದನ್ನು ವಿನ್ಯಾಸಕಾರರು ಮರೆಯಬಾರದು.

ಇನ್ನು ಎರಡನೆಯ ಕೊರತೆ, ಕೀಲಿಯ ಮೇಲೆ ಬರೆದುದು ಬಾರದಿರುವುದು. ಭಾರತ ಸರ್ಕಾರವು ೨೦೧೦ರ ಜುಲೈ ೧೫ರಂದು ರೂಪಾಯಿಗೆ ಹೊಸ ಚಿಹ್ನೆಯನ್ನು ಅಂಗೀಕರಿಸಿತು. ಡಿ. ಉದಯಕುಮಾರ್ ಅವರು ರಚಿಸಿದ ಆ ಚಿಹ್ನೆಗೆ ಅದೇ ವರ್ಷ ಯೂನಿಕೋಡಿನಲ್ಲಿಯೂ ಸ್ಥಾನ ಲಭಿಸಿತು. ಇಂದು ಭಾರತದಲ್ಲಿ ಮಾರಾಟವಾಗುವ ಅನೇಕ ಕೀಲಿಮಣೆಗಳಲ್ಲಿ ನಾಲ್ಕರ ಕೀಲಿಯ ಮೂಲೆಯಲ್ಲಿ ಅದು ಅಚ್ಚಾಗಿದೆ. ಬಲಗಡೆಯ ಆಲ್ಟ್ ಕೀಲಿಯೊಡನೆ ಅದನ್ನು ಒತ್ತಿದರೆ ಚಿಹ್ನೆ ಮೂಡಬೇಕು. ಆದರೆ ಗಣಕದೊಳಗಿನ ಭಾಷೆಯ ಏರ್ಪಾಡು ಅಮೆರಿಕದ ಇಂಗ್ಲಿಷಿಗೆ ಹೊಂದಿಕೊಂಡಿದ್ದರೆ ಎಷ್ಟು ಸಲ ಒತ್ತಿದರೂ ಅದು ಮೂಡದು. ಭಾರತದ ಇಂಗ್ಲಿಷ್ ಎಂಬುದನ್ನು ಆಯ್ದುಕೊಂಡ ಬಳಿಕವೇ ಆ ಕೀಲಿಯು ತನ್ನ ಮೇಲಿನ ಬರೆಹಕ್ಕೆ ಮರ್ಯಾದೆ ಕೊಡುತ್ತದೆ. ಇದನ್ನರಿಯದವರು ಕೀಲಿ ಕೆಟ್ಟಿದೆಯೆಂದು ಭಾವಿಸಿ ‘ರೂ.’ ಎಂದು ಬರೆದು ಮುಂದುವರಿಯುತ್ತಾರೆ. ನಡೆ ಮತ್ತು ನುಡಿ ಒಂದಾಗಿರಬೇಕೆಂಬುದು ಶರಣರ ನಿಲುವು. ಕೀಲಿಯ ಮೇಲಿನ ಬರೆಹವು ಅದರ ನುಡಿಯಾದರೆ, ಪರದೆಯ ಮೇಲೆ ಮೂಡುವ ಗುರುತು ಅದರ ನಡೆ. ಇವೆರಡೂ ಬೇರೆಯಾದ ಕೀಲಿ ಕಲಿಯುವವನ ಆತ್ಮವಿಶ್ವಾಸವನ್ನು ಕುಂದಿಸುತ್ತದೆ. ಯಂತ್ರದ ದೋಷವನ್ನು ಅವನು ತನ್ನ ದೋಷವೆಂದೇ ತಿಳಿಯುತ್ತಾನೆ.

ಇದಕ್ಕೆ ತೀರ ವಿರುದ್ಧವಾದ ಸ್ಥಿತಿ ಕನ್ನಡದ್ದು. ಇಲ್ಲಿ ನಡೆ ಇದೆ, ನುಡಿ ಇಲ್ಲ. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆತಿದೆ. ವಿಂಡೋಸ್ ಇರಲಿ, ಮ್ಯಾಕ್ ಇರಲಿ, ಲಿನಕ್ಸ್ ಇರಲಿ, ಇಂದಿನ ಯಾವ ಲ್ಯಾಪ್‌ಟಾಪೂ ಕನ್ನಡವನ್ನು ಬರೆಯಬಲ್ಲದು, ತೋರಿಸಬಲ್ಲದು, ಹುಡುಕಬಲ್ಲದು. ಆದರೆ ಬೆಂಗಳೂರಿನಲ್ಲಿಯೋ ಕಲಬುರಗಿಯಲ್ಲಿಯೋ ಅಂಗಡಿಗೆ ಹೋಗಿ ಲ್ಯಾಪ್‌ಟಾಪೊಂದನ್ನು ತೆರೆದರೆ ಕೀಲಿಗಳ ಮೇಲೆ ಸಾಮಾನ್ಯವಾಗಿ ಕಾಣುವುದು ಇಂಗ್ಲಿಷ್ ಅಕ್ಷರಗಳು ಮಾತ್ರ. ಒಳಗೆ ಕನ್ನಡವಿದೆಯೆಂದು ಹೊರಗಿನಿಂದ ಊಹಿಸಲು ಒಂದು ಗುರುತೂ ಇರದು. ಮನೆಯೊಳಗೆ ಯಜಮಾನನಿದ್ದು ಬಾಗಿಲಿನ ಮೇಲೆ ಬೇರೆಯವರ ಹೆಸರನ್ನು ತೂಗಹಾಕಿದಂತಾಗಿದೆ ಈ ಪರಿಸ್ಥಿತಿ.

ಕನ್ನಡದ ಬರೆಹಯಂತ್ರಗಳ ಇತಿಹಾಸವನ್ನು ನೋಡಿದರೆ ಇದು ಹಿನ್ನಡೆಯೇ ಸರಿ. ಫ.ಗು. ಹಳಕಟ್ಟಿಯವರು ಊರೂರು ತಿರುಗಿ ತಾಳೆಯೋಲೆಗಳನ್ನು ಸಂಗ್ರಹಿಸಿ ೧೯೨೩ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, ಮುಂದೆ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನೇ ಸ್ಥಾಪಿಸಿದರು. ಅಂದಿನ ಮುದ್ರಣಾಲಯಗಳಲ್ಲಿ ಅಚ್ಚುಮೊಳೆಗಳ ಪೆಟ್ಟಿಗೆಯ ಮುಂದೆ ನಿಂತವನಿಗೆ ಪ್ರತಿ ಅಕ್ಷರ, ಪ್ರತಿ ಗುಣಿತ, ಪ್ರತಿ ಒತ್ತು ಯಾವ ಮನೆಯಲ್ಲಿದೆಯೆಂಬುದು ಗೊತ್ತಿರುತ್ತಿತ್ತು. ಕೈಗೆತ್ತಿಕೊಂಡ ಮೊಳೆಯ ಮುಖದ ಮೇಲೆ ಕನ್ನಡದ ಅಕ್ಷರವೇ ಇರುತ್ತಿತ್ತು. ಅನಂತರ ಕೆ. ಅನಂತ ಸುಬ್ಬರಾಯರು ಕನ್ನಡ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆಯನ್ನು ರೂಪಿಸಿದರು. ಆ ಯಂತ್ರದ ಕೀಲಿಗಳ ಮೇಲೂ ಕನ್ನಡವೇ ಇತ್ತು. ಸಣ್ಣ ಊರಿನ ಬೆರಳಚ್ಚು ಶಾಲೆಗೆ ಬಂದ ಹುಡುಗಿ ಮೊದಲ ದಿನವೇ ‘ಕ’ ಎಲ್ಲಿದೆ, ‘ರ’ ಎಲ್ಲಿದೆಯೆಂಬುದನ್ನು ಕಣ್ಣಾರೆ ಕಾಣುತ್ತಿದ್ದಳು. ಅದಕ್ಕಿಂತ ಸಾವಿರ ಪಾಲು ಸಮರ್ಥವಾದ ಲ್ಯಾಪ್‌ಟಾಪು ಮೇಲ್ನೋಟಕ್ಕೆ ಕನ್ನಡದಲ್ಲಿ ಮೂಕವಾಗಿದೆ.

ಅಕ್ಷರ ಕಾಣದಿರುವುದರ ಜೊತೆಗೆ ವಿನ್ಯಾಸದ ಗೊಂದಲವೂ ಸೇರಿಕೊಂಡಿದೆ. ಇಂದು ಪ್ರಮುಖವಾಗಿ ಬಳಕೆಯಲ್ಲಿರುವ ವಿನ್ಯಾಸಗಳು ಎರಡು. ಕೇಂದ್ರ ಸರ್ಕಾರದ ಇಲೆಕ್ಟ್ರಾನಿಕ್ಸ್ ಇಲಾಖೆಯು ೧೯೮೬ರಲ್ಲಿ ರೂಪಿಸಿದ ಇನ್‌ಸ್ಕ್ರಿಪ್ಟ್ ಒಂದು. ಇದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಮಟ್ಟಿಗೆ ಬಲಗೈಗೆ ಬರುತ್ತವೆ. ಕನ್ನಡದ ‘ಕ’ ಇರುವ ಕೀಲಿಯಲ್ಲಿಯೇ ಹಿಂದಿಯ, ತೆಲುಗಿನ, ಬಂಗಾಳಿಯ ‘ಕ’ವೂ ಇರುವುದರಿಂದ ಒಂದನ್ನು ಕಲಿತವನಿಗೆ ಉಳಿದವು ಸುಲಭ. ಎರಡನೆಯದು ಕೆ.ಪಿ. ರಾವ್ ಅವರು ಧ್ವನಿಯ ಸಾಮ್ಯವನ್ನು ಆಧಾರವಾಗಿಟ್ಟು ರಚಿಸಿದ ವಿನ್ಯಾಸ. ಕನ್ನಡ ಗಣಕ ಪರಿಷತ್ತು ಇದನ್ನು ತನ್ನ ‘ನುಡಿ’ ತಂತ್ರಾಂಶದಲ್ಲಿ ಅಳವಡಿಸಿಕೊಂಡು ಪ್ರಚಾರಕ್ಕೆ ತಂದಿತು. ‘ಕಗಪ’ ವಿನ್ಯಾಸವೆಂದೂ ಇದನ್ನು ಕರೆಯುವುದುಂಟು. ಇವೆರಡರ ಜೊತೆಗೆ, ಇಂಗ್ಲಿಷಿನಲ್ಲಿ ಉಚ್ಚಾರಣೆಯನ್ನು ಒತ್ತಿ ಕನ್ನಡವನ್ನು ಪಡೆಯುವ ಲಿಪ್ಯಂತರದ ಕ್ರಮವೂ ಇದೆ. ೧೯೯೮ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’ ತಂತ್ರಾಂಶವು ಅದನ್ನು ಜನಪ್ರಿಯಗೊಳಿಸಿ ಅಸಂಖ್ಯ ಕನ್ನಡಿಗರಿಗೆ ಗಣಕದಲ್ಲಿ ಬರೆಯುವ ಧೈರ್ಯವನ್ನು ಕೊಟ್ಟಿತು.

ಒಂದೊಂದಕ್ಕೂ ಅದರದೇ ಗುಣವಿದೆ. ತೊಡಕು ಉಂಟಾಗುವುದು ಒಂದರಿಂದ ಇನ್ನೊಂದಕ್ಕೆ ಹಾಯುವಾಗ. ಇನ್‌ಸ್ಕ್ರಿಪ್ಟಿನಲ್ಲಿ ಅರ್ಧಾಕ್ಷರವನ್ನು ಮಾಡುವ ಕೀಲಿ ‘ಡಿ’, ಕೆ.ಪಿ. ರಾವ್ ವಿನ್ಯಾಸದಲ್ಲಿ ‘ಎಫ್’. ಅಲ್ಲಿ ‘ಎಫ್’ ಒತ್ತಿದರೆ ಗುಡಿಸು ಬರುತ್ತದೆ. ಇಲ್ಲಿ ‘ಡಿ’ ಒತ್ತಿದರೆ ‘ದ’ ಬರುತ್ತದೆ. ‘ಎಚ್’ ಕೀಲಿಯಲ್ಲಿ ಅಲ್ಲಿ ‘ಪ’, ಇಲ್ಲಿ ‘ಹ’. ‘ಎಂ’ ಕೀಲಿಯಲ್ಲಿ ಅಲ್ಲಿ ‘ಸ’, ಇಲ್ಲಿ ‘ಮ’. ಮನೆಯಲ್ಲಿ ಒಂದು, ಶಾಲೆಯ ಗಣಕ ಕೊಠಡಿಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು ವಿನ್ಯಾಸವಿದ್ದರೆ ಕಲಿತ ಬೆರಳೂ ಕಲಿಯದ ಬೆರಳಿನಂತಾಗುತ್ತದೆ. ಕೀಲಿಯ ಮೇಲೆ ಅಕ್ಷರವಿದ್ದಿದ್ದರೆ ಈ ಗೊಂದಲವನ್ನು ಕಣ್ಣಾದರೂ ಬಿಡಿಸುತ್ತಿತ್ತು. ಅಕ್ಷರವೂ ಇಲ್ಲದ ಕಾರಣ ಬರೆಯುವವನು ಒಂದೊಂದೇ ಕೀಲಿಯನ್ನು ಒತ್ತಿ ಪರದೆಯನ್ನು ನೋಡಿ ಅಳಿಸುತ್ತ ಕುರುಡುಗುದ್ದಾಟ ನಡೆಸಬೇಕಾಗುತ್ತದೆ.

ಇದಕ್ಕಿಂತಲೂ ಸೂಕ್ಷ್ಮವಾದ ತೊಡಕೊಂದುಂಟು. ‘ಲ್ಯಾಪ್‌ಟಾಪ್’ ಎಂಬ ಪದವನ್ನೇ ತೆಗೆದುಕೊಳ್ಳಬಹುದು. ‘ಪ’ದ ಅರ್ಧಾಕ್ಷರದ ಬಳಿಕ ‘ಟ’ವನ್ನು ಒತ್ತಿದರೆ ಗಣಕವು ಅದನ್ನು ಒತ್ತಕ್ಷರವೆಂದು ತಿಳಿದು ‘ಪ’ದ ಕೆಳಗೆ ಇಳಿಸಿಬಿಡುತ್ತದೆ, ಪದವು ‘ಲ್ಯಾಪ್ಟಾಪ್’ ಆಗುತ್ತದೆ. ಹಾಗಾಗದಂತೆ ತಡೆಯಲು, ಪರದೆಯ ಮೇಲೆ ಕಾಣದ ಸಂಕೇತವೊಂದನ್ನು ನಡುವೆ ಇಡಬೇಕು. ‘ರ‍್ಯಾಂಕ್’ ಎಂದು ಬರೆಯಬೇಕಾದೆಡೆ ‘ರ’ವು ಅರ್ಕಾವೊತ್ತಾಗಿ ಹಿಂದಕ್ಕೆ ಹಾರದಂತೆ ಹಿಡಿಯಲು ಅಂಥದೇ ಇನ್ನೊಂದು ಸಂಕೇತ ಬೇಕು. ಈ ಸಂಕೇತಗಳನ್ನು ಹೊರಡಿಸುವ ಕೀಲಿಗಳ ಸುಳಿವು ಮಣೆಯ ಮೇಲೆ ಎಲ್ಲಿಯೂ ಇಲ್ಲ; ಬಲ್ಲವರ ಬಾಯಿಂದಲೇ ಕೇಳಿ ತಿಳಿಯಬೇಕು. ಯಾವ ಯಂತ್ರದ ಮೇಲೆ ಬರೆಯಲಾಗುತ್ತಿದೆಯೋ ಆ ಯಂತ್ರದ ಹೆಸರನ್ನೇ ಸರಿಯಾಗಿ ಬರೆಯಲು ಗುಟ್ಟಿನ ಕೀಲಿಯೊಂದು ಬೇಕಾಗುವುದು ವಿಪರ್ಯಾಸವಲ್ಲವೇ?

ಪರಿಣಾಮವಾಗಿ ವಿದ್ಯಾರ್ಥಿಗಳು ಇಂಗ್ಲಿಷ್ ಲಿಪಿಯಲ್ಲಿಯೇ ಕನ್ನಡವನ್ನು ಬರೆಯತೊಡಗಿದ್ದಾರೆ. ಗೆಳೆಯರ ನಡುವಣ ಹರಟೆಗೆ ಅದು ಸಾಕೆನಿಸಬಹುದು. ಆದರೆ ಇಂಗ್ಲಿಷ್ ಲಿಪಿಯು ‘ಲ’ ಮತ್ತು ‘ಳ’ಗಳ, ‘ನ’ ಮತ್ತು ‘ಣ’ಗಳ, ಎಕಾರ ಮತ್ತು ಏಕಾರಗಳ ಭೇದವನ್ನು ಸಹಜವಾಗಿ ತೋರಿಸದು. ‘ಬೆಲೆ’, ‘ಬೆಳೆ’, ‘ಬೇಳೆ’ ಈ ಮೂರು ಪದಗಳೂ ಆ ಲಿಪಿಯಲ್ಲಿ ರೂಢಿಯಂತೆ ಒಂದೇ ರೂಪದಲ್ಲಿ ನಿಲ್ಲುತ್ತವೆ. ರೈತನ ಮಗನೊಬ್ಬನು ಬೆಳೆಯ ವಿಷಯವನ್ನು ಬರೆದನೋ ಬೆಲೆಯ ವಿಷಯವನ್ನು ಬರೆದನೋ ಬೇಳೆಯ ವಿಷಯವನ್ನು ಬರೆದನೋ ಓದುವವರು ಸಂದರ್ಭದಿಂದ ಊಹಿಸಬೇಕು. ಹೀಗೆ ಬರೆಯುತ್ತ ಹೋದ ಮಗುವಿನ ಕಣ್ಣಿಗೆ ‘ಳ’ ಮತ್ತು ‘ಣ’ಗಳು ದಿನೇದಿನೇ ಅಪರಿಚಿತವಾಗುತ್ತವೆ, ಕೈಬರೆಹದಲ್ಲಿಯೂ ಆ ತಪ್ಪುಗಳು ನುಸುಳುತ್ತವೆ. ಕೀಲಿಮಣೆಯ ಮೇಲಣ ಕೊರತೆ ಉತ್ತರಪತ್ರಿಕೆಯ ಮೇಲೆ ಕಾಣಿಸಿಕೊಳ್ಳುತ್ತದೆ.

ಇನ್ನೊಂದು ನಷ್ಟವನ್ನು ಮಠದ ಶಾಲೆಗಳು ವಿಶೇಷವಾಗಿ ಗಮನಿಸಬೇಕು. ಹಳಕಟ್ಟಿಯವರು ಅಚ್ಚಿಗೆ ತಂದ ವಚನ ಸಾಹಿತ್ಯವು ಇಂದು ಗಣಕದೊಳಗೂ ಯೂನಿಕೋಡ್ ಕನ್ನಡದಲ್ಲಿ ದೊರೆಯುತ್ತದೆ. ಒಂದು ಪದವನ್ನು ಕೊಟ್ಟರೆ ಆ ಪದವುಳ್ಳ ವಚನಗಳನ್ನೆಲ್ಲ ಕ್ಷಣಾರ್ಧದಲ್ಲಿ ಮುಂದಿಡುವ ಅನುಕೂಲವಿದೆ. ಹಿಂದೆ ವಿದ್ವಾಂಸನೊಬ್ಬನು ತಿಂಗಳುಗಟ್ಟಲೆ ಪುಟ ತಿರುವಿ ಮಾಡಬೇಕಾಗಿದ್ದ ಕೆಲಸ ಇಂದು ಎಂಟನೆಯ ತರಗತಿಯ ಬಾಲಕಿಗೂ ಸಾಧ್ಯ. ಆದರೆ ಆ ಪದವನ್ನು ಕನ್ನಡದಲ್ಲಿ ಒತ್ತುವುದು ಆಕೆಗೆ ತಿಳಿದಿರಬೇಕು. ‘ಳ’ವಿರಬೇಕಾದೆಡೆ ‘ಲ’ವನ್ನು ಒತ್ತಿದರೆ ಗಣಕವು ತಪ್ಪು ಪದವನ್ನೇ ಹುಡುಕುತ್ತದೆ. ಓಲೆಗರಿಗಳು ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಕಾಲದಲ್ಲಿ ಅವು ಜನರಿಗೆ ದೂರವಾಗಿದ್ದವು. ಈಗ ಅದೇ ಸಾಹಿತ್ಯವು ಮುಂದಿನ ಮೇಜಿನ ಮೇಲಿದ್ದರೂ ಬೆರಳಿಗೆ ದಾರಿ ತಿಳಿಯದ ಕಾರಣ ದೂರವೇ ಉಳಿಯುವಂತಾದರೆ ಆ ಮಹನೀಯರ ಶ್ರಮಕ್ಕೆ ಸಲ್ಲಿಸಿದ ಗೌರವ ಅಪೂರ್ಣವಾಗುತ್ತದೆ.

ಇದಕ್ಕೆ ಕೆಲವರು ಹೇಳುವ ಸಮಾಧಾನಗಳನ್ನೂ ಪರಿಶೀಲಿಸಬೇಕು. ಇನ್ನು ಮುಂದೆ ಯಂತ್ರಕ್ಕೆ ಬಾಯಿಮಾತಿನಲ್ಲಿ ಹೇಳಿದರೆ ಸಾಕು, ಕೀಲಿಮಣೆಯ ಗೊಡವೆಯೇ ಬೇಡ ಎಂಬುದು ಒಂದು ವಾದ. ಮಾತನ್ನು ಬರೆಹವಾಗಿಸುವ ತಂತ್ರಾಂಶಗಳು ಬಹಳಷ್ಟು ಪ್ರಗತಿ ಸಾಧಿಸಿರುವುದು ನಿಜ. ಆದರೆ ಅವು ಹೆಚ್ಚಾಗಿ ಬಳಕೆಯಲ್ಲಿರುವ ಮಾತಿನತ್ತಲೇ ವಾಲುತ್ತವೆ. ಹಳಗನ್ನಡ, ನಡುಗನ್ನಡದ ಪದ, ಊರಿನ ಮಾತು, ಮನೆತನದ ಹೆಸರು ಬಂದಾಗ ತಪ್ಪುತ್ತವೆ. ಮೂವತ್ತು ಮಕ್ಕಳಿರುವ ಕೊಠಡಿಯಲ್ಲಿ ಎಲ್ಲರೂ ಗಣಕದೊಡನೆ ಮಾತಾಡುತ್ತ ಬರೆಯಲಾಗದು. ಮಾತು ಬಾರದವರು ಅಲ್ಲಿಯೂ ಹೊರಗುಳಿಯುತ್ತಾರೆ. ಅಲ್ಲದೆ ಬರೆಯುವುದೆಂದರೆ ಅಕ್ಷರವನ್ನು ಆಯ್ದು ಜೋಡಿಸುವುದು. ಆ ಆಯ್ಕೆಯನ್ನು ಯಂತ್ರದ ಊಹೆಗೆ ಒಪ್ಪಿಸಿದ ವಿದ್ಯಾರ್ಥಿ ಕಾಗುಣಿತವನ್ನು ಕಲಿಯುವುದು ಯಾವಾಗ?

ಕನ್ನಡದ ಅಕ್ಷರಗಳು ಬಹಳ, ಕೀಲಿಗಳು ಕಡಮೆ, ಆದ್ದರಿಂದ ಮುದ್ರಿಸಲು ಆಗದು ಎಂಬುದು ಇನ್ನೊಂದು ವಾದ. ಇದು ಲೆಕ್ಕಕ್ಕೆ ನಿಲ್ಲುವ ಮಾತಲ್ಲ. ಕನ್ನಡ ವರ್ಣಮಾಲೆಯ ಅಕ್ಷರಗಳು ೪೯. ಇಂಗ್ಲಿಷಿನ ೨೬ ಕೀಲಿಗಳು ಶಿಫ್ಟ್ ಕೀಲಿಯ ನೆರವಿನಿಂದ ೫೨ ಸ್ಥಾನಗಳಾಗುತ್ತವೆ. ಕೆ.ಪಿ. ರಾವ್ ವಿನ್ಯಾಸದ ಜಾಣ್ಮೆ ಇರುವುದು ಇಲ್ಲಿಯೇ. ವ್ಯಂಜನದ ಮುಂದೆ ಸ್ವರದ ಕೀಲಿಯನ್ನು ಒತ್ತಿದರೆ ಅದು ತಾನಾಗಿ ಗುಣಿತವಾಗುತ್ತದೆ. ‘ಎಫ್’ ಕೀಲಿಯು ಒತ್ತಕ್ಷರವನ್ನು ಕೂಡಿಸುತ್ತದೆ. ಪ್ರತಿ ಕೀಲಿಯ ಮೇಲೆ ಇಂಗ್ಲಿಷಿನ ಪಕ್ಕದಲ್ಲಿ ಎರಡು ಚಿಕ್ಕ ಕನ್ನಡ ಅಕ್ಷರಗಳಿಗೆ ಧಾರಾಳವಾಗಿ ಎಡೆಯಿದೆ. ಥಾಯ್ ಲಿಪಿಯಲ್ಲಿ ವ್ಯಂಜನಗಳೇ ೪೪. ಸ್ವರಚಿಹ್ನೆಗಳು ಅಕ್ಷರದ ಮೇಲೂ ಕೆಳಗೂ ಬರುತ್ತವೆ. ಆದರೂ ಥಾಯ್ಲೆಂಡಿನಲ್ಲಿ ಮಾರುವ ಲ್ಯಾಪ್‌ಟಾಪುಗಳ ಕೀಲಿಗಳ ಮೇಲೆ ಇಂಗ್ಲಿಷಿನೊಡನೆ ಥಾಯ್ ಅಕ್ಷರಗಳೂ ಅಚ್ಚಾಗಿರುತ್ತವೆ. ಯಂತ್ರ ತಯಾರಿಸುವ ಸಂಸ್ಥೆಗಳಿಗೆ ಅಲ್ಲಿ ಸಾಧ್ಯವಾದುದು ಇಲ್ಲಿ ಅಸಾಧ್ಯವಾಗಲು ಕಾರಣವಿಲ್ಲ.

ಮಾರುಕಟ್ಟೆ ತಾನಾಗಿ ಮಾಡಲಿ, ಸರ್ಕಾರವೇಕೆ ತಲೆಹಾಕಬೇಕು ಎಂಬ ಪ್ರಶ್ನೆಗೂ ಉತ್ತರವಿದೆ. ಫ್ರಾನ್ಸಿನ ಕೀಲಿಮಣೆಯಲ್ಲಿ ಆ ಭಾಷೆಗೆ ಅವಶ್ಯವಾದ ಕೆಲವು ದೊಡ್ಡಕ್ಷರಗಳನ್ನು ಬರೆಯುವುದು ಪ್ರಯಾಸಕರವಾಗಿತ್ತು. ಆ ದೇಶದ ಸಂಸ್ಕೃತಿ ಸಚಿವಾಲಯವು ಇದನ್ನು ಭಾಷೆಯ ಪ್ರಶ್ನೆಯೆಂದು ಪರಿಗಣಿಸಿ ೨೦೧೬ರಲ್ಲಿ ದನಿಯೆತ್ತಿತು. ೨೦೧೯ರಲ್ಲಿ ಹೊಸ ರಾಷ್ಟ್ರೀಯ ಮಾನಕ ಪ್ರಕಟವಾಯಿತು. ಭಾರತದಲ್ಲಿಯೇ ಮೇಲ್ಪಂಕ್ತಿಯಿದೆ. ಮೊಬೈಲ್ ಫೋನುಗಳಲ್ಲಿ ಭಾರತೀಯ ಭಾಷೆಗಳನ್ನು ಓದುವ ಮತ್ತು ಬರೆಯುವ ಅನುಕೂಲವಿರಬೇಕೆಂದು ೨೦೧೬ರಲ್ಲಿ ಕೇಂದ್ರ ಸರ್ಕಾರವು ಮಾನಕದ ಮೂಲಕ ವಿಧಿಸಿತು. ಅಂಗೈಯ ಫೋನಿಗೆ ಅನ್ವಯಿಸಿದ ನ್ಯಾಯ ಮೇಜಿನ ಮೇಲಣ ಲ್ಯಾಪ್‌ಟಾಪಿಗೂ ಅನ್ವಯಿಸುವುದು ಉಚಿತ. ಕರ್ನಾಟಕದಲ್ಲಿ ಸಾರ್ವಜನಿಕ ಹಣದಿಂದ ಶಾಲೆ, ಕಚೇರಿಗಳಿಗೆ ಕೊಳ್ಳುವ ಪ್ರತಿ ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ಕನ್ನಡ ಅಕ್ಷರವಿರತಕ್ಕದ್ದು ಎಂಬ ಒಂದು ಷರತ್ತನ್ನು ಖರೀದಿಯ ಪತ್ರದಲ್ಲಿ ಸೇರಿಸಿದರೂ ಸಾಕು, ದೊಡ್ಡ ಪ್ರಮಾಣದ ಬೇಡಿಕೆಯ ಮುಂದೆ ತಯಾರಕರು ಮಣಿಯುತ್ತಾರೆ.

ಸರ್ಕಾರ ಮಾಡುವವರೆಗೆ ಶಾಲೆಗಳು ಕೈಕಟ್ಟಿ ಕೂಡಬೇಕಾಗಿಲ್ಲ. ಕೀಲಿಗಳ ಮೇಲೆ ಅಂಟಿಸುವ ಕನ್ನಡ ಅಕ್ಷರಗಳ ಚೀಟಿಗಳಿಗೆ ತಗಲುವ ವೆಚ್ಚ ಅಲ್ಪ. ಗಣಕ ಕೊಠಡಿಯ ಗೋಡೆಯ ಮೇಲೆ ಕೀಲಿಮಣೆಯ ದೊಡ್ಡ ಚಿತ್ರವೊಂದನ್ನು, ಕಾಣದ ಸಂಕೇತಗಳ ಕೀಲಿಗಳನ್ನೂ ಸೇರಿಸಿ, ಮಕ್ಕಳಿಂದಲೇ ಬರೆಯಿಸಿ ತೂಗಹಾಕಬಹುದು. ಒಂದು ಶಾಲೆಯಲ್ಲಿ ಒಂದೇ ವಿನ್ಯಾಸವೆಂಬ ನಿಯಮ ಎಲ್ಲಕ್ಕಿಂತ ಮುಖ್ಯ. ಇಂಗ್ಲಿಷ್ ಕೀಲಿಗಳನ್ನು ಹೇಗೂ ಕಲಿಯುವ ಕರ್ನಾಟಕದ ಮಕ್ಕಳಿಗೆ ಕೆ.ಪಿ. ರಾವ್ ವಿನ್ಯಾಸವೇ ಸುಗಮ. ಹಿಂದಿ, ಸಂಸ್ಕೃತಗಳಲ್ಲಿಯೂ ಬರೆಯಬೇಕಾದ ಶಾಲೆಯು ಇನ್‌ಸ್ಕ್ರಿಪ್ಟನ್ನು ಆರಿಸಿಕೊಂಡರೆ ಆಕ್ಷೇಪಿಸುವಂತಿಲ್ಲ. ಆದರೆ ಆರಿಸಿದ್ದನ್ನು ವರ್ಷದಿಂದ ವರ್ಷಕ್ಕೆ ಬದಲಿಸಬಾರದು. ಹೊಸ ಯಂತ್ರವನ್ನು ಕೊಳ್ಳುವಾಗ ಅದರ ವೇಗ, ಸ್ಮೃತಿಗಳ ಜೊತೆಗೆ ಕೀಲಿಮಣೆಯನ್ನೂ ಪರೀಕ್ಷಿಸಬೇಕು. ಅಂಕಿಗಳ ಗುಂಪು ಇದೆಯೇ, ಬಾಣಗಳು ಬೆರಳಿಗೆ ಎಟಕುವಷ್ಟು ದೊಡ್ಡವೇ, ವಿದ್ಯುತ್ ಕೀಲಿ ದೂರದಲ್ಲಿದೆಯೇ ಎಂದು ನೋಡಿ ಕೊಳ್ಳುವವರು ಹೆಚ್ಚಿದಂತೆ ತಯಾರಕರ ಗಮನ ಅತ್ತ ಹರಿಯುತ್ತದೆ.

ಪ್ರತಿ ಕೀಲಿಮಣೆಯ ‘ಎಫ್’ ಮತ್ತು ‘ಜೆ’ ಕೀಲಿಗಳ ಮೇಲೆ ಒಂದೊಂದು ಸಣ್ಣ ಉಬ್ಬುಗೆರೆ ಇರುತ್ತದೆ. ಕಣ್ಣು ಪುಸ್ತಕದ ಮೇಲಿದ್ದಾಗಲೂ ತೋರುಬೆರಳುಗಳು ತಮ್ಮ ಮನೆಯನ್ನು ಗುರುತಿಸಿಕೊಳ್ಳಲೆಂದು ಮಾಡಿದ ಏರ್ಪಾಡು ಅದು. ಅಷ್ಟು ಚಿಕ್ಕ ಗೆರೆಯಿಂದ ಹತ್ತು ಬೆರಳುಗಳಿಗೂ ನೆಲೆ ಸಿಗುತ್ತದೆ. ಕನ್ನಡದ ಮಗುವಿಗೆ ಬೇಕಾಗಿರುವುದೂ ಅಂಥ ಒಂದು ಗುರುತೇ. ಕೀಲಿಯ ಮೂಲೆಯಲ್ಲಿ ಒಂದು ‘ಕ’, ಒಂದು ‘ಖ’ ಕಂಡರೆ ಈ ಯಂತ್ರ ತನ್ನ ಭಾಷೆಗೂ ಸೇರಿದ್ದೆಂಬುದು ಯಾರೂ ಹೇಳದೆಯೇ ಅದಕ್ಕೆ ತಿಳಿಯುತ್ತದೆ. ಬರುವ ಶೈಕ್ಷಣಿಕ ವರ್ಷದ ಮೊದಲ ವಾರದಲ್ಲಿ, ಗಣಕ ಕೊಠಡಿಯ ಬಾಗಿಲನ್ನು ತೆರೆದ ದಿನವೇ, ಶಾಲೆಗಳು ಈ ಕಾರ್ಯವನ್ನು ಕೈಗೊಳ್ಳುವುದು ಸಾಧುವೂ ಸಕಾಲಿಕವೂ ಆಗಿದೆ.